ಚಮಚದ ಫೋಟೋ ಯಾರ ಶೈಲಿಯಲ್ಲಿ ತೆಗೆಯೋಣ?

ಮನೆಯಲ್ಲಿ ಬಿದ್ದಿರುವ ಚಮಚ, ಲೋಟ, ಬಲ್ಬು, ಇಕ್ಕಳ ಇಂಥವನ್ನೇ ಇಟ್ಟುಕೊಂಡು ದೊಡ್ಡ ಫೋಟೋಗ್ರಾಫರ್‌ಗಳ ಶೈಲಿಯಲ್ಲಿ ತೆಗೆದು ನೋಡುವುದು ಫೋಟೋಗ್ರಫಿ ಕಲಿಯೋದಕ್ಕೆ ಒಳ್ಳೇ ದಾರಿ. ಖರ್ಚಿಲ್ಲ. ಮಾಡೆಲ್ ಬೇಕಿಲ್ಲ. ಚಮಚ ಎಷ್ಟು ಹೊತ್ತು ಬೇಕಾದರೂ ಅಲ್ಲಾಡದೆ ಕೂರುತ್ತದೆ. ಆದರೆ ಯಾರ ಶೈಲಿ ಆರಿಸೋದು ಅನ್ನೋದರಲ್ಲೇ ಬಹಳ ಜನ ಸಿಕ್ಕಿಕೊಳ್ಳುತ್ತಾರೆ.

ಸಾಮಾನ್ಯವಾಗಿ ಜನ ಮೊದಲು ತಮಗೆ ಇಷ್ಟವಾದ ಹೆಸರು ಹಿಡಿಯುತ್ತಾರೆ, ಆಮೇಲೆ ಅದಕ್ಕೆ ಹೊಂದುವ ವಸ್ತು ಹುಡುಕುತ್ತಾರೆ. ನಾನು ಹೇಳೋದು ಇದರ ಉಲ್ಟಾ. ಮೊದಲು ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಇದರಲ್ಲಿ ನೋಡುವಂಥದ್ದು ಏನಿದೆ? ಆಕಾರವಾ, ಬೀಳುವ ನೆರಳಾ, ಬಣ್ಣವಾ, ಸವೆದು ಹೋದ ಗುರುತಾ? ಆಮೇಲೆ ಈ ಹೊತ್ತಿನಲ್ಲಿ ನಿಮ್ಮ ಹತ್ತಿರ ಇರುವ ಬೆಳಕು ಯಾವುದು ಅಂತ ನೋಡಿ. ಈ ಎರಡಕ್ಕೂ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಮುಗಿದ ಹಾಗೆ. ನೀವು ಎಷ್ಟೇ ಪ್ರೀತಿಯಿಂದ ಮೆದು ಬೆಳಕಿನ ಫೋಟೋಗ್ರಾಫರ್ ಸುದೆಕ್ ಅವರನ್ನು ಹಚ್ಚಿಕೊಂಡಿದ್ದರೂ ನಡು ಮಧ್ಯಾಹ್ನದ ಬಿರುಬಿಸಿಲಿನಲ್ಲಿ ಅವರ ಫೋಟೋ ಬರುವುದಿಲ್ಲ.

ಅವಸರದಲ್ಲಿ ಇರುವವರಿಗೆ

ವಸ್ತುವಿಗೆ ಉಬ್ಬು ತಗ್ಗು, ಮಡಿಕೆ ಜಾಸ್ತಿ ಇದ್ದರೆ ಎಡ್ವರ್ಡ್ ವೆಸ್ಟನ್. ಚಪ್ಪಟೆಯಾಗಿ, ಅಂಚು ಚೊಕ್ಕವಾಗಿ ಇರುವ ಹತ್ಯಾರ ಆದರೆ ವಾಕರ್ ಎವಾನ್ಸ್. ಒಂದೇ ಒಂದು ಬಲ್ಬು ಇದೆ, ಇಲ್ಲವೇ ನೇರ ಬಿಸಿಲಿದೆ ಅಂದರೆ ಆಂದ್ರೆ ಕರ್ಟೆಸ್. ಮೋಡ ಕವಿದ ದಿನ, ಕಿಟಕಿ ಪಕ್ಕ, ಕೈಯಲ್ಲಿ ಗಾಜಿನ ಲೋಟ ಇದ್ದರೆ ಯೋಸೆಫ್ ಸುದೆಕ್. ಎಸೆಯಬೇಕಾದ ವಸ್ತು ಆದರೆ ಅರ್ವಿಂಗ್ ಪೆನ್. ಬಣ್ಣವೇ ಮುಖ್ಯ, ಆದರೆ ಏನನ್ನೂ ಜೋಡಿಸುವ ಮನಸ್ಸಿಲ್ಲ ಅಂದರೆ ವಿಲಿಯಂ ಎಗಲ್‌ಸ್ಟನ್ ಅಥವಾ ಸ್ಟೀಫನ್ ಶೋರ್. ಬಣ್ಣ ಕಣ್ಣಿಗೆ ರಾಚಬೇಕು, ನೋಡಿದವರು ನಗಬೇಕು ಅಂದರೆ ಮಾರ್ಟಿನ್ ಪಾರ್. ಫಳಫಳ ಹೊಳೆಯುವ ಸ್ಟೀಲ್ ಆದರೆ ಜ್ಯಾನ್ ಗ್ರೂವರ್.

ಒಬ್ಬರನ್ನೇ ಹೇಳಿ ಅಂತ ಕೇಳಿದರೆ ನಾನು ಕರ್ಟೆಸ್ ಅಂತೀನಿ. ಯಾಕೆ ಅಂತ ಮುಂದೆ ಬರುತ್ತದೆ.

ಆಕಾರಕ್ಕೆ: ವೆಸ್ಟನ್ ಅಥವಾ ಎವಾನ್ಸ್

ವೆಸ್ಟನ್ 1930ರಲ್ಲಿ ತೆಗೆದ ದೊಣ್ಣೆ ಮೆಣಸಿನಕಾಯಿಯ ಫೋಟೋವನ್ನು ನೀವು ನೋಡಿಯೇ ಇರುತ್ತೀರಿ, ‘ಪೆಪ್ಪರ್ ನಂಬರ್ 30’. ಮೊದಲ ಸಲ ನೋಡುವಾಗ ಅದು ತರಕಾರಿ ಅಂತ ಅನಿಸುವುದೇ ಇಲ್ಲ, ಬೆನ್ನು ಬಗ್ಗಿಸಿ ಕೂತ ಯಾರದೋ ಮೈ ಅನಿಸುತ್ತದೆ. ಅದರ ಗುಟ್ಟು ಒಂದು ತಗಡಿನ ಆಲಿಕೆ. ಕಾಯಿಯನ್ನು ದೊಡ್ಡ ಆಲಿಕೆಯ ಬಾಯೊಳಗೆ ಇಟ್ಟರು. ಬೆಳಕು ಆಲಿಕೆಯ ಒಳಮೈಗೆ ತಾಗಿ, ತಿರುಗಿ ಬಂದು, ಕಾಯಿಯ ಪಕ್ಕಗಳನ್ನೂ ಮಡಿಕೆಗಳನ್ನೂ ಮೆಲ್ಲಗೆ ಬೆಳಗಿತು. ಹಿಂದೆ ಮಾತ್ರ ಕತ್ತಲು ಉಳಿಯಿತು. ಹಾಗಾಗಿ ಕಾಯಿ ಕತ್ತಲಿನಿಂದ ಎದ್ದು ಬಂದ ಹಾಗೆ ಕಾಣುತ್ತದೆ.

ಇದನ್ನು ಮನೆಯಲ್ಲಿ ಮಾಡೋದು ಕಷ್ಟವೇನಲ್ಲ. ಆಲಿಕೆ ಇಲ್ಲದಿದ್ದರೆ ಆಳವಾದ ಒಂದು ಸ್ಟೀಲ್ ಪಾತ್ರೆಯನ್ನು ಅಡ್ಡ ಮಲಗಿಸಿ ಕಿಟಕಿ ಹತ್ತಿರ ಇಡಿ. ತೀರಾ ಹೊಳೆಯುವ ಪಾತ್ರೆಗಿಂತ ಬಳಸಿ ಬಳಸಿ ಮಂಕಾದ ಪಾತ್ರೆ ಒಳ್ಳೆಯದು, ಹೊಳೆಯುವುದರಲ್ಲಿ ನಿಮ್ಮ ಮುಖವೂ ಕಿಟಕಿಯ ಸರಳೂ ಕಾಣುತ್ತವೆ. ಒಳಗೆ ವಸ್ತು ಇಟ್ಟು ಪಾತ್ರೆಯನ್ನೇ ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಒಂದು ಕೋನದಲ್ಲಿ ಕಾಯಿಯ ಕೆಳಗಿನ ಅಂಚಿಗೆ ತೆಳ್ಳಗೆ ಬೂದು ಗೆರೆಯೊಂದು ಮೂಡುತ್ತದೆ. ಅಲ್ಲಿಯವರೆಗೆ ಕತ್ತಲಲ್ಲಿ ಕರಗಿ ಹೋಗಿದ್ದ ಅಂಚು ಆ ಗೆರೆಯಿಂದಾಗಿ ಹಿನ್ನೆಲೆಯಿಂದ ಬಿಡಿಸಿಕೊಳ್ಳುತ್ತದೆ. ನಿಮಗೆ ಬೇಕಾಗಿರುವುದು ಅದೇ. ಅಲ್ಲೇ ನಿಲ್ಲಿಸಿ. ಕಾಯಿಗೆ ಹೊಳಪು ಬರಲಿ ಅಂತ ಎಣ್ಣೆ ಸವರಬೇಡಿ, ಎಣ್ಣೆ ಹಚ್ಚಿದರೆ ಬೆಳಕು ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು, ಹೆಗಲಿನ ಉದ್ದಕ್ಕೂ ಬೆಳಕು ಹರಿದ ಹಾಗೆ ಬರುತ್ತದೆ.

ಫೋನಿನಲ್ಲಿ ತೆಗೆಯುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ವೆಸ್ಟನ್ ಬಳಸಿದ್ದು 8×10 ಇಂಚಿನ ನೆಗೆಟಿವ್‌ನ ಕ್ಯಾಮೆರಾ. ಅಷ್ಟು ದೊಡ್ಡ ನೆಗೆಟಿವ್‌ನಲ್ಲಿ ಹತ್ತಿರದ ವಸ್ತು ಮುಂದಿನಿಂದ ಹಿಂದಿನವರೆಗೆ ಪೂರ್ತಿ ಶಾರ್ಪ್ ಆಗಬೇಕಾದರೆ ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ತೂತನ್ನು ತೀರಾ ಕಿರಿದು ಮಾಡಿ, ಬಹಳ ಹೊತ್ತು ಎಕ್ಸ್‌ಪೋಶರ್ ಕೊಡಬೇಕಿತ್ತು. ಫೋನಿನ ಸೆನ್ಸರ್ ಚಿಕ್ಕದು, ಹಾಗಾಗಿ ಎಲ್ಲವೂ ಶಾರ್ಪ್ ಆಗಿ ಬರುವುದು ಸಲೀಸು. ಇಷ್ಟು ಅನುಕೂಲ ಇರುವಾಗ ಪೋರ್ಟ್ರೇಟ್ ಮೋಡ್ ಹಾಕಿ ಹಿನ್ನೆಲೆ ಮಸುಕು ಮಾಡಿಕೊಂಡರೆ ವೆಸ್ಟನ್‌ಗೂ ನಿಮಗೂ ಸಂಬಂಧ ಕಡಿದ ಹಾಗೆ. ಇನ್ನೊಂದು ಮಾತು, ಹಿನ್ನೆಲೆ ಕತ್ತಲಾಗಿದ್ದರೆ ಫೋನ್ ಅದನ್ನು ತಾನೇ ಬೆಳಗಿಸಲು ನೋಡುತ್ತದೆ. ಪರದೆ ಮುಟ್ಟಿ ಎಕ್ಸ್‌ಪೋಶರ್ ಅನ್ನು ಕೆಳಕ್ಕೆ ಎಳೆಯಿರಿ.

ಎವಾನ್ಸ್ ದಾರಿ ಬೇರೆ. 1955ರ ಜುಲೈನಲ್ಲಿ ‘ಫಾರ್ಚ್ಯೂನ್’ ಪತ್ರಿಕೆಗೆ ಅವರು ಕೈ ಹತ್ಯಾರಗಳ ಫೋಟೋ ಮಾಲೆಯೊಂದನ್ನು ಮಾಡಿದರು. ಸ್ಪ್ಯಾನರ್, ಇಕ್ಕಳ, ಗಾರೆ ಕೆಲಸದ ಕರಣೆ ಇಂಥ ಸಾಮಾನು. ಹಾರ್ಡ್‌ವೇರ್ ಅಂಗಡಿಯೇ ಒಂಥರಾ ಮ್ಯೂಸಿಯಂ ಅನ್ನುವುದು ಅವರ ಲೆಕ್ಕ. ಅವರೂ 8×10 ಕ್ಯಾಮೆರಾವನ್ನೇ ಬಳಸಿದ್ದು. ಆದರೆ ವೆಸ್ಟನ್ ಹಾಗೆ ನಾಟಕೀಯ ಕತ್ತಲು ಇಲ್ಲ. ಸಪಾಟಾದ ತಿಳಿ ಹಿನ್ನೆಲೆ, ಮೆದುವಾದ ಬೆಳಕು, ಕ್ಯಾಮೆರಾ ನೇರ ಎದುರು, ಅಷ್ಟೇ. ಸ್ಪ್ಯಾನರ್ ಸ್ಪ್ಯಾನರ್ ಆಗಿಯೇ ಕಾಣಬೇಕು, ಇನ್ನೇನೋ ಆಗಿ ಕಾಣಬಾರದು.

ಇಬ್ಬರ ನಡುವೆ ಆರಿಸಬೇಕಾದ್ದು ಇದೇ ಜಾಗದಲ್ಲಿ. ನಿಮ್ಮ ವಸ್ತು ಬೇರೆ ಏನನ್ನೋ ನೆನಪಿಸಬೇಕಾ, ಅಥವಾ ಅದು ಅದೇ ಆಗಿರಬೇಕಾ? ಬೆಳ್ಳುಳ್ಳಿ ಗಡ್ಡೆ, ಶುಂಠಿ, ಕೋಸಿನ ಎಲೆ, ಶಂಖ ಇವೆಲ್ಲ ವೆಸ್ಟನ್‌ಗೆ ಒಗ್ಗುತ್ತವೆ. 1925ರಲ್ಲಿ ಮೆಕ್ಸಿಕೋದಲ್ಲಿ ಅವರು ಕಮೋಡಿನ ಫೋಟೋವನ್ನೂ ಇಷ್ಟೇ ಶ್ರದ್ಧೆಯಿಂದ ತೆಗೆದಿದ್ದರು, ಹಾಗಾಗಿ ವಸ್ತು ದೊಡ್ಡದಿರಬೇಕು, ಚಂದ ಇರಬೇಕು ಅಂತೇನಿಲ್ಲ. ಕತ್ತರಿ, ಚಾವಿ, ಸೌಟು, ಬಾಟಲಿ ಓಪನರ್ ಇವು ಎವಾನ್ಸ್‌ಗೆ. ಎವಾನ್ಸ್ ಶೈಲಿ ನೋಡೋದಕ್ಕೆ ಸುಲಭ, ಆದರೆ ಕ್ಯಾಮೆರಾ ಒಂದು ಚೂರು ವಾಲಿದರೂ ಎದ್ದು ಕಾಣುತ್ತದೆ. ಮೇಲಿನಿಂದ ತೆಗೆಯುವುದಾದರೆ ಫೋನಿನ ಗ್ರಿಡ್ ಗೆರೆ ಆನ್ ಮಾಡಿಕೊಳ್ಳಿ. ವಸ್ತುವಿಗೆ ತೀರಾ ಹತ್ತಿರ ಹೋಗದೆ, ಸ್ವಲ್ಪ ಹಿಂದೆ ಸರಿದು 2 ಪಟ್ಟು ಝೂಮ್‌ನಲ್ಲಿ ತೆಗೆಯಿರಿ. ಹತ್ತಿರ ಹೋದರೆ ಹಿಡಿಕೆ ದಪ್ಪ, ತುದಿ ಸಣ್ಣ ಆಗಿ ಆಕಾರವೇ ಕೆಡುತ್ತದೆ. ಅದರ ಮೇಲೆ ಎಷ್ಟೋ ಫೋನುಗಳು ನಿಮಗೆ ಗೊತ್ತಿಲ್ಲದ ಹಾಗೆ ಅಗಲ ಕೋನದ ಲೆನ್ಸಿಗೆ ಬದಲಾಗಿಬಿಡುತ್ತವೆ.

ನೆರಳಿಗೆ ಕರ್ಟೆಸ್, ಕಿಟಕಿಗೆ ಸುದೆಕ್

ಕರ್ಟೆಸ್ ಬುಡಾಪೆಸ್ಟಿನಲ್ಲಿ ಹುಟ್ಟಿ ಪ್ಯಾರಿಸ್‌ಗೆ ಬಂದವರು. 1928ರಲ್ಲಿ ಅಲ್ಲಿ ತೆಗೆದ ‘ಫೋರ್ಕ್’ ಅವರ ಹೆಸರಾಂತ ಚಿತ್ರಗಳಲ್ಲಿ ಒಂದು. ಅದರಲ್ಲಿ ಇರೋದು ಇಷ್ಟೇ, ತಟ್ಟೆಯ ಅಂಚಿಗೆ ಒರಗಿದ ಒಂದು ಫೋರ್ಕ್, ಮತ್ತು ಅದರ ನೆರಳು. ಊಟ ಇಲ್ಲ, ಕೈ ಇಲ್ಲ. ಹಲ್ಲುಗಳ ನೆರಳು ಒಂದು ಕಡೆ, ಹಿಡಿಕೆಯ ನೆರಳು ಇನ್ನೊಂದು ಕಡೆ ಬಿದ್ದಿದೆ. ವಸ್ತು ಎಷ್ಟು ಮುಖ್ಯವೋ ನೆರಳೂ ಅಷ್ಟೇ ಮುಖ್ಯ.

ಹೊಸಬರಿಗೆ ಇವರನ್ನೇ ಮೊದಲು ಹೇಳುವುದು ಯಾಕೆ ಅಂದರೆ, ಇಲ್ಲಿ ಸರಿಯಾಯ್ತಾ ಇಲ್ಲವಾ ಅನ್ನೋದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನೆರಳು ಚೆನ್ನಾಗಿದ್ದರೆ ಫೋಟೋ ಚೆನ್ನಾಗಿದೆ. ಮತ್ತೆ ಇದಕ್ಕೆ ಬೇಕಾಗೋದು ಒಂದು ಬಿಳಿ ಹಾಳೆ, ಒಂದು ಚಿಕ್ಕ ಬೆಳಕು. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಚುರುಕು. ಬರಿ ಬಲ್ಬು, ಟಾರ್ಚು, ಇನ್ನೊಬ್ಬರ ಫೋನಿನ ಫ್ಲ್ಯಾಶ್‌ಲೈಟ್, ನೇರ ಬಿಸಿಲು, ಎಲ್ಲವೂ ಆಗುತ್ತದೆ. ಟ್ಯೂಬ್‌ಲೈಟ್ ಮಾತ್ರ ಬೇಡ, ಅದು ಉದ್ದಕ್ಕೆ ಇರುವುದರಿಂದ ನೆರಳು ಒಂದು ದಿಕ್ಕಿನಲ್ಲಿ ಹಿಂಜಿಹೋಗುತ್ತದೆ. ಕೋಣೆಯ ಉಳಿದ ದೀಪಗಳನ್ನೆಲ್ಲ ಆರಿಸಿ. ಎರಡನೇ ದೀಪ ಒಂದು ಉಳಿದರೂ ಎರಡನೇ ನೆರಳು ಬೀಳುತ್ತದೆ, ಆಗ ಕರ್ಟೆಸ್ ಹೋಗಿ ಗೊಂದಲ ಉಳಿಯುತ್ತದೆ.

ಬೆಳಕು 45 ಡಿಗ್ರಿ ಕೋನದಲ್ಲಿ ಬೀಳುತ್ತಿದ್ದರೆ ನೆರಳಿನ ಉದ್ದ ವಸ್ತುವಿನ ಎತ್ತರದಷ್ಟೇ ಇರುತ್ತದೆ. ಅದಕ್ಕಿಂತ ಕೆಳಗಿಳಿಸಿದರೆ ನೆರಳು ಬೆಳೆಯುತ್ತಾ ಹೋಗುತ್ತದೆ. ಟಾರ್ಚನ್ನು ಮೇಲೆ ಕೆಳಗೆ ಆಡಿಸುತ್ತಾ ನೋಡಿ, ಫೋರ್ಕಿನ ಹಲ್ಲುಗಳ ನೆರಳುಗಳು ತಟ್ಟೆಯ ತಗ್ಗಿನೊಳಗೆ ಇಳಿಯುವಾಗ ಹೇಗೆ ಬಾಗುತ್ತವೆ, ಅಂಚಿಗೆ ಬಂದಾಗ ಹೇಗೆ ಮುರಿಯುತ್ತವೆ ಅಂತ. ನೆರಳಿನ ಬಾಗು ತಟ್ಟೆಯ ಆಳವನ್ನು ಹೇಳುತ್ತದೆ, ತಟ್ಟೆಯನ್ನು ಬೇರೆಯಾಗಿ ತೋರಿಸಬೇಕಾಗಿಯೇ ಇಲ್ಲ. ಫೋನಿನಲ್ಲಿ ಎಚ್‌ಡಿಆರ್ ಮತ್ತು ನೈಟ್ ಮೋಡ್ ಆಫ್ ಮಾಡಲು ಮರೆಯಬೇಡಿ. ನೆರಳಿನೊಳಗೆ ಬೆಳಕು ತುಂಬುವುದೇ ಅವುಗಳ ಕೆಲಸ, ನಿಮಗೆ ಬೇಕಾಗಿರೋದೇ ಆ ಕಪ್ಪು.

ಕರ್ಟೆಸ್ ಅವರದ್ದೇ ಇನ್ನೊಂದು ದಾರಿ ಇದೆ. 1926ರಲ್ಲಿ ಅವರು ಚಿತ್ರಕಾರ ಮಾಂಡ್ರಿಯನ್ ಅವರ ಸ್ಟುಡಿಯೋಗೆ ಹೋಗಿ ಮೇಜಿನ ಮೇಲಿದ್ದ ಕನ್ನಡಕ ಮತ್ತು ಪೈಪಿನ ಫೋಟೋ ತೆಗೆದರು. ಮನುಷ್ಯ ಇಲ್ಲದೆಯೇ ಮನುಷ್ಯನ ಚಿತ್ರ. ನಿಮ್ಮ ಮನೆಯ ಹಿರಿಯರ ಕನ್ನಡಕ, ಪೆನ್ನು, ವಾಚು ಇದ್ದರೆ ಇದನ್ನು ಮಾಡಿ ನೋಡಿ. ಒಂದೇ ನಿಯಮ, ಮೂರಕ್ಕಿಂತ ಜಾಸ್ತಿ ವಸ್ತು ಇಡಬೇಡಿ.

ಸುದೆಕ್ ವಿಷಯಕ್ಕೆ ಬರೋಣ. ಪ್ರಾಗ್ ನಗರದವರು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಎರಡನೇ ಮಹಾಯುದ್ಧದ ಕಾಲಕ್ಕೆ ಊರು ನಾಜಿಗಳ ಕೈಯಲ್ಲಿದ್ದಾಗ ಅವರು ತಮ್ಮ ಪುಟ್ಟ ಸ್ಟುಡಿಯೋದ ಕಿಟಕಿಯನ್ನೇ ಮತ್ತೆ ಮತ್ತೆ ತೆಗೆಯತೊಡಗಿದರು, 1940ರಿಂದ 1954ರವರೆಗೆ ಅದೇ ಕಿಟಕಿ. ಗಾಜಿನ ಮೇಲೆ ಹಬೆ, ಹನಿ, ಆಚೆ ತೋಟದ ಮರ. ಕಿಟಕಿಯ ಕಟ್ಟೆಯ ಮೇಲೆ ಕೆಲವು ಸಲ ಒಂದು ಲೋಟ ನೀರು, ಕೆಲವು ಸಲ ಒಂದು ಹೂವು. ನೆಗೆಟಿವನ್ನು ದೊಡ್ಡದು ಮಾಡದೆ, ನೇರ ಕಾಗದಕ್ಕೆ ಒತ್ತಿ ಅದೇ ಅಳತೆಯ ಕಾಂಟ್ಯಾಕ್ಟ್ ಪ್ರಿಂಟ್ ಹಾಕುತ್ತಿದ್ದುದರಿಂದ ಅವರ ಚಿತ್ರಗಳಲ್ಲಿ ಬೂದು ಬಣ್ಣದ ಎಳೆಗಳು ಬಹಳ ಸಿಗುತ್ತವೆ.

ಒಂದೇ ಗಾಜಿನ ಲೋಟವನ್ನು ಇಬ್ಬರ ರೀತಿಯಲ್ಲೂ ತೆಗೆದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಕರ್ಟೆಸ್ ರೀತಿಯಲ್ಲಿ ಬೆಳಕು ಲೋಟದ ಮೂಲಕ ಹಾದು ಮೇಜಿನ ಮೇಲೆ ಹೊಳೆಯುವ ಗೆರೆಗಳನ್ನು ಬಿಡುತ್ತದೆ, ನೀವು ತೆಗೆಯೋದು ಆ ಗೆರೆಗಳನ್ನು. ಸುದೆಕ್ ರೀತಿಯಲ್ಲಿ ಬೆಳಕು ಹಿಂದೆ ಇರುತ್ತದೆ, ಮೆತ್ತಗಿರುತ್ತದೆ, ನೆರಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಲೋಟ ತುಂಬ ನೀರಿದ್ದರೆ ಅದು ಲೆನ್ಸಿನ ಹಾಗೆ ಕೆಲಸ ಮಾಡಿ ಹಿಂದಿನ ದೃಶ್ಯವನ್ನು ಎಡಬಲ ಅದಲುಬದಲು ಮಾಡುತ್ತದೆ, ಆಚೆ ಎಡಕ್ಕಿದ್ದ ಮರ ಲೋಟದೊಳಗೆ ಬಲಕ್ಕೆ ಬರುತ್ತದೆ. ಲೋಟವನ್ನು ಕಿಟಕಿಯಿಂದ ಸ್ವಲ್ಪ ಸ್ವಲ್ಪವೇ ದೂರ ಸರಿಸಿದರೆ ಒಳಗಿನ ಚಿತ್ರ ಬದಲಾಗುತ್ತಾ ಹೋಗುವುದನ್ನು ನೋಡಬಹುದು.

ಗಾಜಿನ ಅಂಚು ಕಾಣದೆ ಮಾಯವಾಗುವುದು ಎಲ್ಲರಿಗೂ ಬರುವ ತೊಂದರೆ. ಇದಕ್ಕೆ ಉಪಾಯ ಇದೆ. ಹಿಂದಿನ ಬೆಳಕಿನ ಜಾಗ ನಿಮ್ಮ ಫ್ರೇಮಿನಷ್ಟೇ ಇರಲಿ, ಅದಕ್ಕಿಂತ ದೊಡ್ಡದು ಬೇಡ. ಕಿಟಕಿ ದೊಡ್ಡದಿದ್ದರೆ ಪರದೆ ಎಳೆದು ಸಣ್ಣದು ಮಾಡಿ, ಇಲ್ಲವೇ ಲೋಟದ ಎರಡೂ ಪಕ್ಕ, ಫ್ರೇಮಿನ ಆಚೆ, ಕಪ್ಪು ರಟ್ಟು ನಿಲ್ಲಿಸಿ. ಗಾಜಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ ಬರುತ್ತದೆ.

ಸುದೆಕ್ ಆರಿಸಿದರೆ ತಾಳ್ಮೆ ಬೇಕು. ಬೆಳಕು ನಿಮ್ಮ ಮಾತು ಕೇಳುವುದಿಲ್ಲ, ಮೋಡ ಬರುವವರೆಗೆ ಕಾಯಬೇಕು. ಜಪಾನಿನ ರಿಂಕೋ ಕವಾಉಚಿ ಅವರ ಬಣ್ಣದ ಚಿತ್ರಗಳೂ ಮೆದು ಬೆಳಕಿನವೇ, ಆದರೆ ಅವರಲ್ಲಿ ಎಲ್ಲವೂ ತೆಳು, ತಿಳಿ, ಸ್ವಲ್ಪ ಬೆಳಕು ಜಾಸ್ತಿಯಾದ ಹಾಗೆ. ಸುದೆಕ್ ತೀರಾ ಭಾರ ಅನಿಸಿದವರು ಆ ಕಡೆ ಹೋಗಬಹುದು. ಚೌಕ ಫ್ರೇಮ್ ಇಟ್ಟು ಎಕ್ಸ್‌ಪೋಶರ್ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿ, ಶುರು ಮಾಡೋದಕ್ಕೆ ಅಷ್ಟು ಸಾಕು.

ಕಸದ ಬುಟ್ಟಿಗೆ ಹೋಗುವಂಥದ್ದು: ಪೆನ್

ಅರ್ವಿಂಗ್ ಪೆನ್ ‘ವೋಗ್’ ಪತ್ರಿಕೆಯ ಫ್ಯಾಷನ್ ಫೋಟೋಗ್ರಾಫರ್. ಅಂಥವರು 1972ರಲ್ಲಿ ಬೀದಿಯಿಂದ ಹೆಕ್ಕಿ ತಂದ ಸಿಗರೇಟ್ ತುಂಡುಗಳ ಫೋಟೋ ತೆಗೆದು, ಬೆಲೆಬಾಳುವ ಪ್ಲಾಟಿನಂ ವಿಧಾನದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿದರು. 1975ರಲ್ಲಿ ಅವು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು. ಬೆರಳುದ್ದದ ತುಂಡು ಕಂಬದಷ್ಟು ಗತ್ತಿನಿಂದ ನಿಂತಿರುತ್ತದೆ.

ಪೆನ್ ಮತ್ತು ಎವಾನ್ಸ್ ಇಬ್ಬರದ್ದೂ ಸಾದಾ ಹಿನ್ನೆಲೆಯೇ, ಹಾಗಾಗಿ ಜನ ಇವರನ್ನು ಗೊಂದಲ ಮಾಡಿಕೊಳ್ಳುತ್ತಾರೆ. ಎವಾನ್ಸ್ ಹತ್ಯಾರ ಕೆಲಸಕ್ಕೆ ತಯಾರಾಗಿ ನಿಂತದ್ದು. ಪೆನ್ ಅವರ ವಸ್ತುವಿನ ಕೆಲಸ ಮುಗಿದಿದೆ. ಕೂದಲು ಬಾಗಿದ ಟೂತ್‌ಬ್ರಶ್, ಹಿಂಡಿ ಹಿಂಡಿ ಸುರುಟಿದ ಪೇಸ್ಟ್ ಟ್ಯೂಬ್, ಉರಿದು ಡೊಂಕಾದ ಬೆಂಕಿಕಡ್ಡಿ, ಕೊನೆಗೆ ಉಳಿದ ಸೋಪಿನ ಚೂರು. ಸೋಪಿನ ಚೂರನ್ನೇ ತೆಗೆದುಕೊಳ್ಳಿ. ಒಣಗಿದ ಮೇಲೆ ಅದರ ಮೈ ಬಿರುಕು ಬಿಟ್ಟಿರುತ್ತದೆ, ಬಿರುಕುಗಳಲ್ಲಿ ಕಪ್ಪು ಸೇರಿಕೊಂಡಿರುತ್ತದೆ, ಅಂಚು ಎಷ್ಟು ತೆಳುವಾಗಿರುತ್ತದೆ ಅಂದರೆ ಹಿಂದಿನಿಂದ ಬೆಳಕು ಬಂದರೆ ಆಚೆ ಕಾಣುತ್ತದೆ. ತೊಳೆಯಬೇಡಿ. ತೊಳೆದರೆ ಫೋಟೋ ತೆಗೆಯುವಂಥದ್ದು ಏನೂ ಉಳಿಯುವುದಿಲ್ಲ.

ಬೆಳಕು ಒಂದು ಪಕ್ಕದಿಂದ ಬರಲಿ, ಕಿಟಕಿ ಬೆಳಕು ಸಾಕು, ಬಿಸಿಲು ಬೇಡ. ಕ್ಯಾಮೆರಾ ವಸ್ತುವಿನ ಮಟ್ಟಕ್ಕೇ ಇಳಿಯಲಿ. ಮೇಲಿನಿಂದ ನೋಡಿದರೆ ಅದು ಕಸವಾಗಿಯೇ ಉಳಿಯುತ್ತದೆ, ಎದುರಿನಿಂದ ನೋಡಿದಾಗ ಮಾತ್ರ ಗತ್ತು ಬರುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಮೇಜಿನ ಮೇಲೆ ನಾಲ್ಕು ಪುಸ್ತಕ ಪೇರಿಸಿ ಫೋನನ್ನು ಅದಕ್ಕೆ ಒರಗಿಸಿ, ಟೈಮರ್ ಹಾಕಿ. ಒಂದು ಷರತ್ತು ಇದೆ, ಈ ಶೈಲಿಯನ್ನು ಫೋನ್ ಪರದೆಯ ಮೇಲೆ ನೋಡಿದರೆ ಅರ್ಧ ರುಚಿಯೂ ಸಿಗುವುದಿಲ್ಲ. ವಸ್ತು ತನ್ನ ಅಳತೆಗಿಂತ ಹತ್ತಾರು ಪಟ್ಟು ದೊಡ್ಡದಾಗಿ ಕಾಣುವುದರಲ್ಲೇ ಇದರ ಮಜಾ. ಪ್ರಿಂಟ್ ಹಾಕಿಸುವ ಮನಸ್ಸಿಲ್ಲದಿದ್ದರೆ ಪೆನ್ ಬದಲು ಬೇರೆಯವರನ್ನು ಆರಿಸಿ.

ಬಣ್ಣಕ್ಕೆ ಮೂವರು, ಮೂರು ಸ್ವಭಾವ

ಎಗಲ್‌ಸ್ಟನ್ ಅಂದರೆ ಎಲ್ಲರಿಗೂ ‘ಅಯ್ಯೋ ಇದು ನಾನೂ ತೆಗೆಯಬಹುದು’ ಅನಿಸುತ್ತದೆ. 1976ರಲ್ಲಿ ನ್ಯೂಯಾರ್ಕಿನ ಅದೇ ಮ್ಯೂಸಿಯಂನಲ್ಲಿ ಅವರ ಬಣ್ಣದ ಫೋಟೋಗಳ ಪ್ರದರ್ಶನ ಆದಾಗ ವಿಮರ್ಶಕರೂ ಚೆನ್ನಾಗಿಯೇ ಬೈದರು, ಇದರಲ್ಲಿ ಏನಿದೆ ಅಂತ. ಅವರ ಹೆಸರಾಂತ ಫೋಟೋಗಳಲ್ಲಿ ಇರೋದು ಇಂಥವೇ, ಮಗುವಿನ ತ್ರಿಚಕ್ರ ಸೈಕಲ್ಲು, ಹಿಮ ಕಟ್ಟಿದ ಫ್ರೀಜರ್, ಕೆಂಪು ಚಾವಣಿಗೆ ನೇತು ಹಾಕಿದ ಬರಿ ಬಲ್ಬು. ಆ ಕೆಂಪು ಚಾವಣಿ 1973ರದ್ದು, ಮಿಸಿಸಿಪಿಯ ಗ್ರೀನ್‌ವುಡ್‌ನಲ್ಲಿ ತೆಗೆದದ್ದು. ಬಲ್ಬಿಗೆ ಬಿಳಿ ವೈರುಗಳು ಮೂರು ಕಡೆಯಿಂದ ಬಂದು ಸೇರುತ್ತವೆ, ಉಳಿದದ್ದು ಬಹುಪಾಲು ಕೆಂಪು.

ಅದನ್ನು ಸ್ವಲ್ಪ ಹೊತ್ತು ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಸುಮ್ನೆ ತೆಗೆದದ್ದು ಏನೂ ಇಲ್ಲ. ನೋಡುವ ಜಾಗವೇ ವಿಚಿತ್ರ. ಸೈಕಲ್ಲನ್ನು ನೆಲದ ಮಟ್ಟದಿಂದ ತೆಗೆದಿರುವುದರಿಂದ ಅದು ಹಿಂದಿನ ಮನೆಗಳಿಗಿಂತ ದೊಡ್ಡದಾಗಿದೆ. ಚಾವಣಿಯನ್ನು ಯಾರೂ ತಲೆಯೆತ್ತಿ ನೋಡದ ಮೂಲೆಯಿಂದ ನೋಡಿದ್ದಾರೆ. ಒಂದು ವಸ್ತುವಿಗೆ ಒಂದೇ ಸಲ ಕ್ಲಿಕ್ ಮಾಡುತ್ತೇನೆ ಅನ್ನುವುದು ಅವರ ಪದ್ಧತಿ. ನನ್ನ ಮಾತು ಕೇಳುವುದಾದರೆ ಶುರುವಿನಲ್ಲೇ ಎಗಲ್‌ಸ್ಟನ್ ಹಿಡಿಯಬೇಡಿ. ವೆಸ್ಟನ್ ಶೈಲಿ ಅರ್ಧ ಬಂದರೂ ಫೋಟೋ ನೋಡುವ ಹಾಗಿರುತ್ತದೆ, ಎಗಲ್‌ಸ್ಟನ್ ಶೈಲಿ ಅರ್ಧ ಬಂದರೆ ಅದು ಬರಿ ಫ್ರಿಜ್ಜಿನ ಫೋಟೋ. ಮಾಡಲೇಬೇಕು ಅಂದರೆ ವಸ್ತುವನ್ನು ಮುಟ್ಟಬೇಡಿ, ನೀವು ಮಾತ್ರ ಕೂತು, ಬಗ್ಗಿ, ಮಲಗಿ ಜಾಗ ಬದಲಿಸಿ. ಮತ್ತೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಕೋಣೆ ಪೂರ್ತಿ ಕೆಂಪಾಗಿದ್ದರೆ ಫೋನ್ ಅದನ್ನು ದೋಷ ಅಂತ ತಿಳಿದು ಬಣ್ಣ ಸಪ್ಪೆ ಮಾಡಲು ನೋಡುತ್ತದೆ.

ಶೋರ್ ಇದಕ್ಕಿಂತ ಶಿಸ್ತಿನವರು. 1973ರ ಆಗಸ್ಟಿನಲ್ಲಿ ಯೂಟಾದ ಕನಾಬ್ ಊರಿನ ಹೋಟೆಲಿನಲ್ಲಿ ತಮ್ಮ ಮೇಜಿನ ಪ್ಯಾನ್‌ಕೇಕ್ ತಟ್ಟೆಯ ಫೋಟೋ ತೆಗೆದರು. ಈಗ ಎಲ್ಲರೂ ಊಟಕ್ಕೆ ಮುಂಚೆ ಫೋಟೋ ತೆಗೆಯುತ್ತಾರಲ್ಲ, ಅದನ್ನೇ, ಆದರೆ ಫ್ರೇಮಿನ ನಾಲ್ಕೂ ಮೂಲೆ ಲೆಕ್ಕ ಹಾಕಿ. ಶೋರ್ ಆರಿಸಿದರೆ ಕ್ಲಿಕ್ ಮಾಡುವ ಮೊದಲು ಕಣ್ಣನ್ನು ಫ್ರೇಮಿನ ಅಂಚಿನ ಸುತ್ತ ಒಂದು ಸುತ್ತು ಹಾಕಿಸಿ, ಅರ್ಧಕ್ಕೆ ಕತ್ತರಿಸಿ ಹೋದ ಪ್ರತಿ ವಸ್ತುವನ್ನೂ ಪ್ರಶ್ನೆ ಮಾಡಿ. ಬೇಕೆಂದೇ ಕತ್ತರಿಸಿದ್ದಾ, ತಾನಾಗಿ ಕತ್ತರಿಸಿದ್ದಾ? ಎಗಲ್‌ಸ್ಟನ್‌ಗೆ ಹೋಗುವ ಮೊದಲು ಶೋರ್ ಬಳಿ ಸ್ವಲ್ಪ ಕಾಲ ಇರುವುದು ವಾಸಿ.

ಪಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಅದು ಬೇಗ ಬರುತ್ತದೆ. ಮ್ಯಾಕ್ರೋ ಲೆನ್ಸ್, ಲೆನ್ಸಿನ ಸುತ್ತ ಇರುವ ರಿಂಗ್ ಫ್ಲ್ಯಾಶ್, ಗಾಢ ಬಣ್ಣದ ಫಿಲ್ಮ್. ಫೋನಿನಲ್ಲಾದರೆ ಹಗಲಲ್ಲೂ ಫ್ಲ್ಯಾಶ್ ಹಾಕಿ, ಅಗ್ಗದ ಪ್ಲಾಸ್ಟಿಕ್ ವಸ್ತು, ಕೇಕಿನ ಕ್ರೀಮು, ಬಣ್ಣ ಬಣ್ಣದ ಸ್ಟ್ರಾ ಇಂಥವನ್ನು ಫ್ರೇಮ್ ತುಂಬ ತೆಗೆಯಿರಿ. ತೀರಾ ಹತ್ತಿರದಿಂದ ಫ್ಲ್ಯಾಶ್ ಹೊಡೆದರೆ ಬೆಳ್ಳಗೆ ಸುಟ್ಟುಹೋಗುತ್ತದೆ, ಒಂದು ಕೈ ದೂರದಿಂದ ಝೂಮ್ ಮಾಡಿ. ಹತ್ತು ನಿಮಿಷದಲ್ಲಿ ಪಾರ್ ಹಾಗೇ ಕಾಣುವ ಫೋಟೋ ಸಿಗುತ್ತದೆ, ಹತ್ತು ಫೋಟೋ ಆದ ಮೇಲೆ ಬೇಜಾರೂ ಬರುತ್ತದೆ. ಪಾರ್ ಫೋಟೋಗಳು ಬೇಜಾರಾಗದೆ ಇರುವುದಕ್ಕೆ ಕಾರಣ ಫ್ಲ್ಯಾಶ್ ಅಲ್ಲ, ಜನ ಯಾವುದನ್ನು ಆಸೆಪಟ್ಟು ಕೊಳ್ಳುತ್ತಾರೆ ಅನ್ನುವುದರ ಮೇಲೆ ಅವರಿಗಿದ್ದ ಕಣ್ಣು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಲು ಬರುವುದಿಲ್ಲ.

ಹೊಳೆಯುವ ಪಾತ್ರೆಗೆ ಗ್ರೂವರ್

ಸ್ಟೀಲ್ ಚಮಚದ ಫೋಟೋ ತೆಗೆಯಲು ಹೋದವರಿಗೆಲ್ಲ ಸಿಗೋದು ಚಮಚದೊಳಗೆ ಫೋನ್ ಹಿಡಿದು ನಿಂತ ತಮ್ಮದೇ ಚಿತ್ರ. ಇದನ್ನು ತಪ್ಪಿಸಲು ಒದ್ದಾಡುವುದಕ್ಕಿಂತ ಜ್ಯಾನ್ ಗ್ರೂವರ್ ಮಾಡಿದ ಹಾಗೆ ಅದನ್ನೇ ಬಳಸಿಕೊಳ್ಳಿ. 1970ರ ದಶಕದ ಕೊನೆಗೆ ಅವರು ಅಡುಗೆಮನೆಯ ಸಿಂಕಿನಲ್ಲಿ ಫೋರ್ಕು, ಚಾಕು, ಚಮಚ, ಜೊತೆಗೆ ಗಿಡದ ಎಲೆ, ತರಕಾರಿ ಇವನ್ನೆಲ್ಲ ಒಂದರ ಮೇಲೊಂದು ಇಟ್ಟು ಬಣ್ಣದಲ್ಲಿ ತೆಗೆದರು. ತೀರಾ ಹತ್ತಿರದ ನೋಟ. ಯಾವುದು ಮುಂದಿದೆ, ಯಾವುದು ಹಿಂದಿದೆ, ಯಾವುದು ಪ್ರತಿಬಿಂಬ ಅಂತ ತಕ್ಷಣ ಹೇಳಲು ಆಗುವುದಿಲ್ಲ.

ಇಲ್ಲಿ ನೀವು ವಸ್ತುವಿಗೆ ಬೆಳಕು ಕೊಡುವುದಿಲ್ಲ, ವಸ್ತು ಏನನ್ನು ಪ್ರತಿಫಲಿಸಬೇಕೋ ಅದಕ್ಕೆ ಬೆಳಕು ಕೊಡುತ್ತೀರಿ. ಹಸಿರು ಕಾಗದವೊಂದನ್ನು ಚಮಚದ ಎದುರು ಹಿಡಿದರೆ ಚಮಚವೇ ಹಸಿರಾಗುತ್ತದೆ. ಕಾಗದವನ್ನು ಅರ್ಧ ಸರಿಸಿದರೆ ಹೊಟ್ಟೆಯ ಮೇಲೆ ಹಸಿರಿಗೂ ಬೂದಿಗೂ ನಡುವೆ ಬಾಗಿದ ಗಡಿ ಕಾಣುತ್ತದೆ. ನಿಮ್ಮ ಚಿತ್ರ ಬೀಳದಿರಲು ಬಿಳಿ ರಟ್ಟಿನಲ್ಲಿ ಲೆನ್ಸಿನಷ್ಟು ತೂತು ಮಾಡಿ ಅದರ ಹಿಂದಿನಿಂದ ತೆಗೆಯಿರಿ. ಮೇಲೆ ಹೇಳಿದ ಎಲ್ಲರಿಗಿಂತ ಇದು ಜಾಸ್ತಿ ಹೊತ್ತು ತಿನ್ನುತ್ತದೆ, ಆದರೆ ಚಮಚದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಂಡಿಲ್ಲ.

ಉಳಿದವರು, ಚುಟುಕಾಗಿ

ಕ್ಯಾಮೆರಾವೇ ಬೇಡ ಅನ್ನುವವರಿಗೆ ಮ್ಯಾನ್ ರೇ. 1922ರಲ್ಲಿ ಅವರು ವಸ್ತುಗಳನ್ನು ನೇರವಾಗಿ ಫೋಟೋ ಕಾಗದದ ಮೇಲೆ ಇಟ್ಟು ಬೆಳಕು ಹಾಯಿಸಿದರು. ಡಾರ್ಕ್‌ರೂಮ್ ಇಲ್ಲದವರು ಸ್ಕ್ಯಾನರಿನ ಗಾಜಿನ ಮೇಲೆ ವಸ್ತು ಇಟ್ಟು, ಮುಚ್ಚಳ ತೆರೆದೇ, ಕೋಣೆ ಕತ್ತಲು ಮಾಡಿ ಸ್ಕ್ಯಾನ್ ಮಾಡಿ. ಗಾಜಿಗೆ ತಾಗಿದ ಭಾಗ ಶಾರ್ಪ್ ಆಗಿ, ದೂರ ಇದ್ದದ್ದು ಕತ್ತಲಿಗೆ ಜಾರುತ್ತಾ ಬರುತ್ತದೆ. ಮ್ಯಾನ್ ರೇ ಅಲ್ಲದಿದ್ದರೂ ಅವರ ನೆಂಟ.

ಒಂದೇ ಬಗೆಯ ವಸ್ತು ಹತ್ತಾರು ಇದ್ದರೆ, ಉದಾಹರಣೆಗೆ ಚಾವಿ, ಬಾಟಲಿ ಮುಚ್ಚಳ, ಗುಂಡಿ, ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಯ ಕ್ರಮ ನೋಡಿ. ಅವರು ನೀರಿನ ಟ್ಯಾಂಕಿಗಳನ್ನು, ಕಾರ್ಖಾನೆಯ ಗೋಪುರಗಳನ್ನು ಮೋಡದ ಬೆಳಕಿನಲ್ಲಿ, ಒಂದೇ ರೀತಿ ಎದುರಿನಿಂದ ತೆಗೆದು ಸಾಲಾಗಿ ಜೋಡಿಸಿದರು. ಬಿಡಿ ಫೋಟೋ ನೀರಸವಾಗಿದ್ದಷ್ಟೂ ಜೋಡಿಸಿದಾಗ ಒಂದಕ್ಕೊಂದು ಇರುವ ಸಣ್ಣ ವ್ಯತ್ಯಾಸ ಎದ್ದು ಕಾಣುತ್ತದೆ.

ಸ್ಪೇನಿನ ಚೆಮಾ ಮಾದೋಸ್ ಅವರನ್ನು ಶೈಲಿ ಅಂತ ಆರಿಸುವುದೇ ಕಷ್ಟ. ಕನ್ನಡಿಗೆ ಏಣಿ ಒರಗಿಸಿ, ಅದು ಕನ್ನಡಿಯೊಳಗೆ ತೂರಿ ಹೋದ ಹಾಗೆ ತೋರಿಸುವವರು ಅವರು. ಸಾದಾ ಬೆಳಕು, ಕಪ್ಪು ಬಿಳುಪು, ಉಳಿದದ್ದೆಲ್ಲ ತಲೆ. ಐಡಿಯಾ ಹೊಳೆದರೆ ತೆಗೆಯಿರಿ, ಹೊಳೆಯದಿದ್ದರೆ ಯಾವ ಲೆನ್ಸೂ ಕೈ ಹಿಡಿಯುವುದಿಲ್ಲ.

ಫ್ರೇಮಿನ ಅಳತೆ

ಯಾರನ್ನೇ ಆರಿಸಿ, ಕ್ರಾಪ್ ಮಾಡುವಾಗ ಅವರ ಕ್ಯಾಮೆರಾದ ಅಳತೆ ಹಾಕಿ. ವೆಸ್ಟನ್, ಎವಾನ್ಸ್ ಹತ್ಯಾರಗಳು, ಇಬ್ಬರಿಗೂ 8×10, ಅಂದರೆ 4:5. 35 ಎಂಎಂ ಫಿಲ್ಮಿನ ಫ್ರೇಮ್ 2:3, ಸ್ವಲ್ಪ ಉದ್ದ. ಫೋನ್ ಸಾಮಾನ್ಯವಾಗಿ ಕೊಡೋದು 3:4. ವೆಸ್ಟನ್ ಥರದ ಫೋಟೋವನ್ನು ಉದ್ದನೆಯ 9:16ರಲ್ಲಿ ಬಿಟ್ಟರೆ ಮೇಲೆ ಕೆಳಗೆ ಖಾಲಿ ಉಳಿದು ವಸ್ತುವಿನ ತೂಕವೇ ಹೋಗುತ್ತದೆ. ಕಪ್ಪು ಬಿಳುಪಿಗೆ ತಿರುಗಿಸುವಾಗ ರೆಡಿಮೇಡ್ ಫಿಲ್ಟರ್ ಒತ್ತುವ ಬದಲು ಎಡಿಟಿಂಗ್ ಆ್ಯಪ್‌ನಲ್ಲಿ ಬಣ್ಣದ ಸ್ಲೈಡರ್‌ಗಳನ್ನು ಒಂದೊಂದಾಗಿ ಆಡಿಸಿ. ಹಸಿರು ಮೆಣಸಿನಕಾಯಿ ಆದರೆ ಹಸಿರಿನದ್ದನ್ನು ಏರಿಸಿದಾಗ ಕಾಯಿ ಬೆಳಗುತ್ತದೆ, ಇಳಿಸಿದಾಗ ಕಂಚಿನ ಹಾಗೆ ಕಪ್ಪಾಗುತ್ತದೆ. ಹಳದಿಯದ್ದನ್ನೂ ಅದರ ಜೊತೆಗೇ ಸ್ವಲ್ಪ ಆಡಿಸಬೇಕು, ಕಣ್ಣಿಗೆ ಹಸಿರು ಅಂತ ಕಾಣುವ ಕಾಯಿಯಲ್ಲಿ ಹಳದಿ ಪಾಲು ಸಾಕಷ್ಟು ಇರುತ್ತದೆ.